ಮದುವೆ ಕಾಗದದ ಹೂಗಳು: ಆಟಿಯಿಂದ ಇಲ್ಲಿಯವರೆಗೆ

ಕೆಲಸ ಇಷ್ಟೇ. ಕಾಸರಗೋಡಿನ ಬದಿಯಡ್ಕದ ಸುತ್ತಮುತ್ತ ಗುಡ್ಡೆಯಲ್ಲಿ, ತೋಟದ ಬದಿಯಲ್ಲಿ ತಾವಾಗಿಯೇ ಬೆಳೆಯುವ ಹೂಗಳನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ ಕಪ್ಪು ಹಾಳೆಗೆ ಅಂಟಿಸುವುದು. ನಿಜವಾದ ಹೂ ಎಷ್ಟು ದೊಡ್ಡದೋ ಕಾಗದದ್ದೂ ಅಷ್ಟೇ ದೊಡ್ಡದು. ಎಸಳು, ಕೇಸರ, ತೊಟ್ಟು, ಎಲೆಯ ನರ ಎಲ್ಲ ಕಾಗದವೇ. ಪೆನ್ಸಿಲಿನ ಗೆರೆ ಇಲ್ಲ. ಹೂವನ್ನು ಗ್ಲಾಸಿನಲ್ಲಿಟ್ಟು, ನೋಡುತ್ತಾ ಕತ್ತರಿ ಆಡಿಸುವುದು. ತುಳುನಾಡಿನ ಜೋರು ಮಳೆಯ ಆಟಿ ತಿಂಗಳಲ್ಲಿ ಶುರುವಾದದ್ದು ಈಗ ಎಲ್ಲಿಗೆ ಬಂತು ಎಂದು ಬರೆದಿಡುತ್ತಿದ್ದೇನೆ.

ಉಪಾಯ ನನ್ನದಲ್ಲ. ಇಂಗ್ಲೆಂಡಿನಲ್ಲಿ ಮೇರಿ ಡೆಲಾನಿ ಎಂಬವರಿದ್ದರು. ಹುಟ್ಟಿದ್ದು 1700ರಲ್ಲಿ. ಎರಡನೆಯ ಗಂಡ 1768ರಲ್ಲಿ ತೀರಿಕೊಂಡರು. 1772ರಲ್ಲಿ, 72ರ ಪ್ರಾಯದಲ್ಲಿ, ಗೆಳತಿಯ ಮನೆಯಲ್ಲಿದ್ದಾಗ ಒಂದು ಕೆಂಪು ಕಾಗದದ ಬಣ್ಣ ಜೆರೇನಿಯಂ ಹೂವಿನ ಬಣ್ಣಕ್ಕೆ ಸರಿಯಾಗಿ ಹೊಂದುವುದು ಅವರ ಕಣ್ಣಿಗೆ ಬಿತ್ತಂತೆ. ಕತ್ತರಿ ತೆಗೆದುಕೊಂಡರು. ಅಲ್ಲಿಂದ ಸುಮಾರು ಹತ್ತು ವರ್ಷದಲ್ಲಿ 985 ಹೂ ಮಾಡಿದರು. ಕಣ್ಣು ಮಂಜಾದ ಮೇಲೆಯೇ ನಿಲ್ಲಿಸಿದ್ದು. ಅವೆಲ್ಲ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದು ಪ್ಯಾಶನ್ ಹೂವಿಗೆ 230ಕ್ಕೂ ಜಾಸ್ತಿ ಚೂರು ಅಂಟಿಸಿದ್ದಾರೆ. ಜೋಸೆಫ್ ಬ್ಯಾಂಕ್ಸ್ ಅವರಂಥ ಸಸ್ಯಶಾಸ್ತ್ರಜ್ಞರೇ ಮೆಚ್ಚಿದ ಕೆಲಸ ಅದು. ಗಿಡದ ಕೆಲಸದವರನ್ನು ಮೆಚ್ಚಿಸುವುದು ಸುಲಭವಲ್ಲ.

ಇಂಥವರ ಕತೆ ಹೇಳುವಾಗ ಎಲ್ಲರೂ "72ರಲ್ಲಿ ಹೊಸದಾಗಿ ಶುರು ಮಾಡಿದರು" ಎಂದು ಬೆರಗಾಗುತ್ತಾರೆ. ನನಗೆ ಅದು ಅರ್ಧ ಮಾತು ಅನಿಸುತ್ತದೆ. ಕಸೂತಿ, ಚಿಪ್ಪಿನ ಅಲಂಕಾರ, ಚಿತ್ರ ಎಲ್ಲ ಅವರು ಚಿಕ್ಕಂದಿನಿಂದ ಮಾಡಿಕೊಂಡು ಬಂದವರೇ. ಕೈಗೆ ಗೊತ್ತಿದ್ದ ಕೆಲಸ ಬೇರೆ ದಾರಿಯಲ್ಲಿ ಹೊರಗೆ ಬಂತು, ಅಷ್ಟೇ. ನನ್ನ ಕೈಗೂ ಕತ್ತರಿ ಹೊಸತಲ್ಲ. ಕೆಳಗಿನ ಕ್ಲಾಸಿನ ಮಕ್ಕಳಿಗೆ ಚಾರ್ಟು, ಅಕ್ಷರ, ಆನೆ, ಬಾಳೆಹಣ್ಣು ಕತ್ತರಿಸಿ ಕತ್ತರಿಸಿಯೇ ಸರ್ವೀಸು ಮುಗಿದದ್ದು. ಕೇರಳದಲ್ಲಿ ನಮಗೆ 56ಕ್ಕೇ ನಿವೃತ್ತಿ. ಈಗ ನನಗೆ 68.

ಕತ್ತರಿ ಯಾಕೆ

ಮೊದಲು ಜಲವರ್ಣದಲ್ಲಿ ಬರೆಯುತ್ತಿದ್ದೆ. ಬಲಗೈಯಲ್ಲಿ ಸಣ್ಣ ನಡುಕ ಇದೆ. ಡಾಕ್ಟರು ನೋಡಿ, ಹೆದರುವಂಥದ್ದು ಏನಿಲ್ಲ ಎಂದಿದ್ದಾರೆ. ಆದರೆ ಬ್ರಶ್ಶಿಗೆ ಅದು ಗೊತ್ತಾಗುವುದಿಲ್ಲವಲ್ಲ! ಬ್ರಶ್ಶಿನ ತುದಿ ಬೆರಳಿನಿಂದ ದೂರ. ಬೆರಳು ನೂಲಿನಷ್ಟು ಅಲುಗಿದರೂ ತುದಿ ಅದಕ್ಕಿಂತ ಹೆಚ್ಚು ಅಲುಗುತ್ತದೆ.

ಕತ್ತರಿಯಲ್ಲಿ ಹಾಗಿಲ್ಲ. ಬಲ ಮೊಣಕೈಯನ್ನು ಮೇಜಿಗೆ ಊರಿ ಕತ್ತರಿಯನ್ನು ಒಂದೇ ಕಡೆ ಹಿಡಿಯಬೇಕು. ತಿರುಗಬೇಕಾದ್ದು ಕಾಗದ, ಅದನ್ನು ತಿರುಗಿಸುವುದು ಎಡಗೈ. ಅಲಗಿನ ತುದಿಯಿಂದ ಕಚ್ಚಿ ಕಚ್ಚಿ ಕತ್ತರಿಸಿದರೆ ಅಂಚು ಹಲ್ಲು ಹಲ್ಲಾಗುತ್ತದೆ. ಅಲಗಿನ ಬುಡದಲ್ಲಿ ಕಾಗದ ಇಟ್ಟು, ಪೂರ್ತಿ ಮುಚ್ಚದೆ, ನಿಧಾನ ತಿರುಗಿಸುತ್ತಾ ಹೋದರೆ ಉದ್ದದ ಎಸಳು ಒಂದೇ ಗೆರೆಯಲ್ಲಿ ಬರುತ್ತದೆ. ಇದು ಗೊತ್ತಾದ ಮೇಲೆ ನಡುಕದ ಕಡೆಗೆ ಗಮನವೇ ಹೋಗುವುದಿಲ್ಲ. ಕತ್ತರಿ ಎರಡು ಉಂಟು. ಒಂದು ಕಸೂತಿಯದ್ದು. ಇನ್ನೊಂದು ಮೆಡಿಕಲ್ ಶಾಪಿನಲ್ಲಿ ಸಿಗುವ, ತುದಿ ಬಾಗಿದ ಸಣ್ಣದು. ಕೇಸರಕ್ಕೆ ಎರಡನೆಯದೇ ಆಗಬೇಕು.

ಫ್ರಾನ್ಸಿನ ಚಿತ್ರಕಾರ ಮತೀಸ್‌ಗೂ ಹೀಗೇ ಆಯಿತು. 1941ರ ದೊಡ್ಡ ಆಪರೇಶನ್ ಆದಮೇಲೆ ಈಸೆಲ್ ಮುಂದೆ ಹೊತ್ತುಗಟ್ಟಲೆ ನಿಲ್ಲುವುದು ಅವರಿಗೆ ಕಷ್ಟವಾಯಿತು. ಗಾಲಿಕುರ್ಚಿಯಲ್ಲಿ, ಹಾಸಿಗೆಯಲ್ಲಿ ಕೂತು, ಬಣ್ಣ ಬಳಿದ ಕಾಗದ ಕತ್ತರಿಸತೊಡಗಿದರು. 1954ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮುಖ್ಯ ಕೆಲಸವಾಯಿತು. ಅಮೆರಿಕದ ಗ್ರಾಂಡ್‌ಮಾ ಮೋಸೆಸ್ ಇದಕ್ಕೆ ತಿರುಗಮುರುಗ. ಗಂಟುನೋವಿನಿಂದ ಸೂಜಿ ಹಿಡಿಯಲು ಆಗದೆ ಬ್ರಶ್ ಹಿಡಿದರು. ಆಗ ಅವರಿಗೆ 70 ದಾಟಿತ್ತು. 101 ವರ್ಷ ಬದುಕಿದರು. ನಾನು ನೋಡುತ್ತಿರುವುದು ಇದನ್ನೇ. ಅವರು ಯಾರೂ ಹೋದ ಕೈಯನ್ನು ವಾಪಸು ತರಿಸಲು ಹಟ ಹಿಡಿಯಲಿಲ್ಲ. ಇದ್ದ ಕೈಗೆ ಯಾವ ಕೆಲಸ ಒಗ್ಗುತ್ತದೆ ಎಂದು ಹುಡುಕಿದರು. ಹಾಗೆ ಸಿಕ್ಕಿದ ಕೆಲಸ ಹಳೆಯದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಆಟಿ

ಜೋರು ಮಳೆ. ಹೊರಗೆ ಹೋಗುವ ಹಾಗಿಲ್ಲ. ಹಾಗಾಗಿ ಕಾಗದ ಸೇರಿಸುವ ಕೆಲಸ ಮೊದಲು.

ಅಂಗಡಿಯ ಬಣ್ಣದ ಕಾಗದ ಬೇಡವೆಂದು ಮೊದಲೇ ತೀರ್ಮಾನ ಮಾಡಿದ್ದೆ. ಅದರ ಹಸಿರು ಯಾವ ಎಲೆಯಲ್ಲೂ ಇಲ್ಲದ ಹಸಿರು. ಮನೆಯಲ್ಲಿ ಮದುವೆ ಕಾಗದಗಳ ಕಟ್ಟು ಇತ್ತು. ಎಸೆಯಲು ಮನಸ್ಸಾಗದೆ ಇಟ್ಟದ್ದು. ನಮ್ಮವರ ಮದುವೆ ಕಾಗದದಲ್ಲಿ ಕೆಂಪು, ಕೇಸರಿ, ಅರಿಶಿನ. ಮೂಲೆಗೆ ಹಚ್ಚಿದ ಅರಿಶಿನವೂ ಒಣಗಿ ಒಳ್ಳೆ ಬಣ್ಣವೇ ಆಗಿದೆ. ನಿಕಾಹ್ ಕಾಗದಗಳಲ್ಲಿ ತರತರದ ಹಸಿರು. ಬೇಳದ ಇಗರ್ಜಿ ಕಡೆಯವರದ್ದು ಬಿಳಿ, ಕೆನೆ ಬಣ್ಣ. ಒಟ್ರಾಸಿ ಮೂರು ಕಡೆಯ ಮದುವೆಗೂ ಹೋಗಿ ಬಂದವರಿಗೆ ಕಾಗದಕ್ಕೆ ಬರಗಾಲವಿಲ್ಲ. ಆದರೆ ನೇರಳೆ ಬಣ್ಣ ಸಿಗುವುದೇ ಕಷ್ಟ. ಆ ಬಣ್ಣದಲ್ಲಿ ಯಾರೂ ಮದುವೆ ಕಾಗದ ಮಾಡಿಸುವುದಿಲ್ಲ. ಅದಕ್ಕೆ ಬಿಳಿ ಕಾಗದಕ್ಕೆ ನಾನೇ ಬಣ್ಣ ಬಳಿಯುತ್ತೇನೆ. ಡೆಲಾನಿಯವರೂ ಬೇಕಾದ ಬಣ್ಣ ಸಿಗದಾಗ ಹಾಗೇ ಮಾಡಿದ್ದರು.

ಅಂಟು ಮೈದಾದ್ದು. ನೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿದ್ದು. ಟ್ಯೂಬಿನ ಅಂಟು ಬೇಗ ಹಿಡಿಯುತ್ತದೆ, ಮತ್ತೆ ಜರಗಿಸಲು ಬಿಡುವುದಿಲ್ಲ. ಮೈದಾ ಸ್ವಲ್ಪ ಹೊತ್ತು ಕಾಯುತ್ತದೆ. ನನಗೆ ಆ ಹೊತ್ತು ಬೇಕು. ಆದರೆ ನಮ್ಮ ಆಟಿಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಮೈದಾಕ್ಕೆ ಬಾರದೆ ಇರುತ್ತದೆಯೇ? ಹಳೆಯ ಬೈಂಡಿಂಗಿನವರು ಅಂಟಿಗೆ ಮೈಲುತುತ್ತು ಹಾಕುತ್ತಿದ್ದರು, ಹುಳ ಬಾರದಂತೆ. ಅಡಕೆಯವರ ಮನೆಯಲ್ಲಿ ಅದಕ್ಕೇನು ಕೊರತೆ? ಕೊಳೆರೋಗಕ್ಕೆ ಬಿಡುವ ಬೋರ್ಡೊ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮದ್ದು ಬಿಡಲು ತಂದ ಚೀಲದಿಂದ ಒಂದು ಚಿಟಿಕೆ ತೆಗೆದೆ. ವಿಷ ಅದು. ಹಾಗಾಗಿ ಅಂಟಿನ ಗಿಂಡಿ ಅಡಿಗೆಮನೆಗೆ ಬರುವುದಿಲ್ಲ, ಮಕ್ಕಳಿಗೆ ಸಿಗುವಲ್ಲಿಯೂ ಇಲ್ಲ. ಈ ಅಂಟಿನಲ್ಲಿ ಮಾಡಿದ ಹಾಳೆಗಳಿಗೆ ಈವರೆಗೆ ಬೂಷ್ಟು ಬಂದಿಲ್ಲ. ಬಿಳಿ ಕಾಗದದ ಅಡಿಯಲ್ಲಿ ಮಾತ್ರ ತುಸು ನೀಲಿ ಛಾಯೆ ಕಾಣುತ್ತದೆ.

ಮೊದಲ ಹೂ ಗೌರಿ ಹೂ. ಅಗ್ನಿಶಿಖೆ ಎಂದೂ ಹೇಳುತ್ತಾರೆ. ಬೇಲಿಯಲ್ಲಿ ಹಬ್ಬಿದ್ದು ಮಳೆಗೆ ಅರಳಿತ್ತು. ಆರು ಎಸಳು, ಎಲ್ಲವೂ ಹಿಂದಕ್ಕೆ ಮಡಚಿ ಮೇಲೆ ನೋಡುತ್ತವೆ. ಅಂಚು ಅಂಕುಡೊಂಕು. ಅರಳುವಾಗ ಹಸಿರು ಹಳದಿ, ಆಮೇಲೆ ಹಳದಿ ಕೆಂಪು, ಕೊನೆಗೆ ಪೂರಾ ಕೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಪ್ರಾಯದ ಹೂ. ಮೂರನ್ನೂ ಒಂದೇ ಹಾಳೆಯಲ್ಲಿ ಮಾಡಿದೆ. ಕೆಳಗಿನ ಮುದಿ ಹೂವೇ ಚೆನ್ನಾಗಿ ಬಂದದ್ದು. ಅಂಕುಡೊಂಕು ಅಂಚಿಗೆ ನನ್ನ ಕೈಯ ನಡುಕವೂ ಸ್ವಲ್ಪ ಸಹಾಯ ಮಾಡಿತು ಎಂದರೆ ನಗಬೇಡಿ. ಎಲೆಯ ತುದಿಯೇ ಸುರುಳಿಯಾಗಿ ಬೇಲಿಯನ್ನು ಹಿಡಿಯುತ್ತದೆ ಎನ್ನುವುದನ್ನು ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ಸೋಣ

ಎಡಗಣ್ಣಿನ ಪೊರೆ ಮಳೆಗಾಲಕ್ಕೆ ಮೊದಲೇ ತೆಗೆಸಿದ್ದೆ. ಬಲಗಣ್ಣಿನದು ಬಾಕಿ ಇತ್ತು. ಆ ನಡುವಿನ ಕಾಲ ನನಗೆ ಭಾರಿ ಉಪಯೋಗಕ್ಕೆ ಬಂತು. ತುಂಬೆ ಹೂವನ್ನು ಎದುರಿಗಿಟ್ಟು ಬಲಗಣ್ಣು ಮುಚ್ಚಿದರೆ ಬೆಳ್ಳಗೆ, ಸ್ವಲ್ಪ ನೀಲಿ ಮಿಶ್ರದ ಬಿಳಿ. ಎಡಗಣ್ಣು ಮುಚ್ಚಿದರೆ ಹಳೇ ಪುಸ್ತಕದ ಹಾಳೆಯ ಬಣ್ಣ. ಹೂ ಒಂದೇ! ಪ್ರಾಯವಾದ ಹಾಗೆ ಕಣ್ಣಿನ ಒಳಗಿನ ಮಸೂರ ಹಳದಿಯಾಗುತ್ತಾ ಹೋಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಎಷ್ಟು ವರ್ಷದಿಂದ ನಾನು ಹಳದಿ ಗಾಜಿನಲ್ಲಿ ಶಂಖಪುಷ್ಪ ನೋಡುತ್ತಿದ್ದೆನೋ ಏನೋ.

ಚಿತ್ರಕಾರ ಮೊನೆ ಅವರ ಬಲಗಣ್ಣಿಗೆ 1923ರಲ್ಲಿ ಪೊರೆಯ ಆಪರೇಶನ್ ಆಯಿತು. ಆಗ ಅವರಿಗೆ 82. ಆ ಕಾಲದಲ್ಲಿ ಕಣ್ಣೊಳಗೆ ಬೇರೆ ಮಸೂರ ಇಡುತ್ತಿರಲಿಲ್ಲ. ದಪ್ಪ ಕನ್ನಡಕವೇ ಗತಿ. ಎಲ್ಲವೂ ನೀಲಿ ನೀಲಿಯಾಗಿ ಕಾಣುತ್ತದೆ ಎಂದು ಅವರು ಕಿರಿಕಿರಿ ಮಾಡಿಕೊಂಡು, ಬಣ್ಣದ ಗಾಜಿನ ಕನ್ನಡಕ ಹಾಕಿ ನೋಡಿದರು. ಆದರೂ ನೈದಿಲೆಯ ದೊಡ್ಡ ಚಿತ್ರಗಳನ್ನು ಬಿಡಲಿಲ್ಲ. ನನಗೆ ನೀಲಿಯ ಮೇಲೆ ಸಿಟ್ಟೇನೂ ಬರಲಿಲ್ಲ. ಹೊಸ ಕಣ್ಣಿನಲ್ಲಿ ನೋಡಿ ಹಳೆಯ ಕಾಗದಗಳನ್ನೆಲ್ಲ ಮತ್ತೆ ಬೇರೆ ಮಾಡಿದೆ. ಬಿಳಿ ಎಂದು ಇಟ್ಟಿದ್ದರಲ್ಲಿ ಅರ್ಧ ಬಿಳಿಯೇ ಅಲ್ಲ.

ಆಟಿ ಕಳೆದು ಬರುವ ಸೋಣ ತಿಂಗಳಲ್ಲಿ ಇಲ್ಲಿನ ಪಾರೆಗಳನ್ನು ನೋಡಬೇಕು. ಬೇಸಗೆಯಲ್ಲಿ ಬರೀ ಕಪ್ಪಗೆ ಸುಟ್ಟ ಮುರಕಲ್ಲು. ಮಳೆ ಬಂದಮೇಲೆ ಕಲ್ಲಿನ ಗುಂಡಿಗಳಲ್ಲಿ ನೀರು ನಿಂತು, ಬೆರಳುದ್ದದ ಗಿಡಗಳಲ್ಲಿ ನೀಲಿ ಹೂ ತುಂಬುತ್ತದೆ. ಮಲಯಾಳದವರು ಕಾಕ್ಕಪ್ಪೂ ಎನ್ನುತ್ತಾರೆ, ಓಣಂ ರಂಗೋಲಿಗೆ ಕೊಯ್ಯುತ್ತಾರೆ. ನೋಡಲು ಪಾಪದ ಹೂ. ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಿವೆ, ನೀರಿನ ಹುಳುಗಳನ್ನು ಎಳೆದು ತಿನ್ನುತ್ತದೆ. ಹೂವನ್ನು ಮಾಡಿದೆ. ಚೀಲ ಮಾಡಲು ಕೈ ಸಾಲಲಿಲ್ಲ, ಅಡಿಯ ಭಾಗವನ್ನು ಹಾಳೆಯಿಂದ ಹೊರಗೆ ಬಿಟ್ಟೆ. ಪಾರೆಗೆ ಒಬ್ಬಳೇ ಹೋಗುವುದಿಲ್ಲ, ಪಾಚಿ ಜಾರುತ್ತದೆ. ಪಕ್ಕದ ಮನೆಯ ಹುಡುಗಿ ಕೈ ಹಿಡಿದುಕೊಳ್ಳುತ್ತಾಳೆ. "ಟೀಚರಜ್ಜಿ, ಈ ಹೂವಿಗೆ ಕೋಡು ಉಂಟು ನೋಡಿ" ಎಂದು ಹಿಂದಿನ ಚೂಪು ಬಾಲ ತೋರಿಸಿದ್ದು ಅವಳೇ.

ಹಳೆಯ ಚಿತ್ರಗಳನ್ನೂ ನೋಡುತ್ತಿದ್ದೇನೆ. ಮಲಬಾರಿನ ಗಿಡಗಳ ಪುಸ್ತಕ ಹೋರ್ಟಸ್ ಮಲಬಾರಿಕಸ್ ಆಮ್‌ಸ್ಟರ್‌ಡಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟವಾಗಿ ಅಚ್ಚಾದದ್ದು. ಚಿತ್ರಗಳ ಮೂಲೆಯಲ್ಲಿ ಗಿಡದ ಹೆಸರು ಮಲಯಾಳ ಅಕ್ಷರದಲ್ಲೂ ಇದೆ. ಅದನ್ನು ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದವರು ಕೇರಳದ ಕೆ. ಎಸ್. ಮಣಿಲಾಲ್. ದಶಕಗಳ ಕೆಲಸ. ಇಂಗ್ಲಿಷ್ ಆವೃತ್ತಿ ಬಂದದ್ದು 2003ರಲ್ಲಿ, ಅವರು 60 ದಾಟಿದ ಮೇಲೆ.

ನವರಾತ್ರಿ ಕಳೆದು

ಬಲಗಣ್ಣಿನ ಆಪರೇಶನ್ ಆಯಿತು. ಡಾಕ್ಟರು ಬಗ್ಗಿ ಕೂರಬೇಡಿ ಎಂದದ್ದರಿಂದ ಸ್ವಲ್ಪ ದಿನ ಕತ್ತರಿಗೆ ರಜೆ.

ಆ ಹೊತ್ತಿಗೆ ಬೆಂಗಳೂರಿನಲ್ಲಿರುವ ಮಗ ಒಂದು ಅಧ್ಯಯನದ ಸುದ್ದಿ ಕಳಿಸಿದ. ಅಮೆರಿಕದ ಡೆನಿಸ್ ಪಾರ್ಕ್ ಮತ್ತು ಸಂಗಡಿಗರದ್ದು, 2014ರಲ್ಲಿ ಪ್ರಕಟವಾದದ್ದು. 60ರಿಂದ 90 ವರ್ಷದವರಿಗೆ ಮೂರು ತಿಂಗಳು, ವಾರಕ್ಕೆ ಸುಮಾರು 15 ಗಂಟೆ ಹೊಸ ಕೆಲಸ ಕಲಿಸಿದರು. ಕೆಲವರಿಗೆ ಡಿಜಿಟಲ್ ಫೋಟೋಗ್ರಫಿ, ಕೆಲವರಿಗೆ ಬಟ್ಟೆ ಚೂರು ಜೋಡಿಸಿ ಹೊದಿಕೆ ಹೊಲಿಯುವುದು, ಕೆಲವರಿಗೆ ಎರಡೂ. ಇನ್ನೊಂದು ಗುಂಪಿನವರು ಸೇರಿ ಮಾತಾಡಿದರು, ಸುತ್ತಾಡಿದರು. ಹೊಸದು ಕಲಿತವರ ನೆನಪಿನ ಶಕ್ತಿ ಸುಧಾರಿಸಿತು. ಬರೀ ಸೇರಿ ಹೊತ್ತು ಕಳೆದವರಿಗೆ ಅಷ್ಟು ಲಾಭ ಕಾಣಲಿಲ್ಲ.

ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಗುಮಾನಿ. ವಾರಕ್ಕೆ 15 ಗಂಟೆ ಪುರ್ಸೊತ್ತು ಯಾವ ಮನೆಯ ಅಜ್ಜಿಗೆ ಉಂಟು ಮಾರ್ರೇ? ಮತ್ತೆ, ನೆನಪಿನ ಶಕ್ತಿ ಹೆಚ್ಚಲಿ ಎಂದು ಹೂ ಕತ್ತರಿಸುವುದು ನನ್ನಿಂದಾಗದು. ಮದ್ದು ಕುಡಿದ ಹಾಗಾಗುತ್ತದೆ. ಆದರೆ ಒಂದು ಮಾತು ಸರಿ: ಸುಲಭದ ಹೂ ಮಾಡುವ ದಿನ ನನಗೆ ನಿದ್ದೆ ತೂಗುತ್ತದೆ. ಕಷ್ಟದ ಹೂ ಎದುರಿಗಿದ್ದರೆ ಊಟದ ಹೊತ್ತು ಮೀರಿದ್ದು ಗೊತ್ತಾಗುವುದಿಲ್ಲ.

ನಮ್ಮ ಬದಿಯಡ್ಕದಲ್ಲೇ ಕಯ್ಯಾರ ಕಿಞ್ಞಣ್ಣ ರೈಗಳಿದ್ದರಲ್ಲ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡವರು, ನೂರು ತುಂಬಿಸಿ. ಮಾಸ್ಟ್ರೂ ಹೌದು, ಕೃಷಿಕರೂ ಹೌದು, ಕವಿಯೂ ಹೌದು. ಈ ಊರಲ್ಲಿ ಅದನ್ನು ನೋಡಿದವರಿಗೆ ಅಮೆರಿಕದಿಂದ ಬೇರೆ ಸಾಕ್ಷಿ ಬೇಕಾ?

ಈಗ

ನೆಕ್ಕರಿಕ ಮುಗಿಯಿತು. ಈವರೆಗೆ ಮಾಡಿದ್ದರಲ್ಲಿ ನನಗೆ ಇದೇ ಇಷ್ಟ. ಐದು ನೇರಳೆ ಎಸಳು, ಹತ್ತು ಕೇಸರ. ಆ ಹತ್ತೂ ಒಂದೇ ತರ ಅಲ್ಲ. ಐದು ಉದ್ದದ್ದು, ಕುಡುಗೋಲಿನ ಹಾಗೆ ಬಾಗಿದ್ದು, ನೇರಳೆ. ಐದು ಗಿಡ್ಡ, ಹಳದಿ. ಶಾಲೆಗೆ ಹೋಗುವ ದಾರಿಯಲ್ಲಿ ಇದರ ಹಣ್ಣು ತಿಂದು ನಾಲಗೆ ಕಪ್ಪು ಮಾಡಿಕೊಂಡವರು ನಾವೆಲ್ಲ. ಹೂವಿನ ಒಳಗೆ ಯಾರು ನೋಡಿದ್ದಾರೆ? ಎಲೆಯಲ್ಲಿ ಬುಡದಿಂದ ತುದಿಯವರೆಗೆ ಉದ್ದಕ್ಕೆ ಓಡುವ ನರಗಳಿವೆ. ಅದಕ್ಕೆ ಎರಡು ನಿಕಾಹ್ ಕಾಗದದ ಹಸಿರು, ಕಡುಹಸಿರಿನ ಮೇಲೆ ತಿಳಿಹಸಿರಿನ ಎಳೆ.

ಊರಿನ ವಾಚನಾಲಯದವರು ಗೋಡೆಗೆ ಹಾಕಲು ಕೇಳಿದ್ದಾರೆ. ಕೊಡುತ್ತೇನೆ, ಆದರೆ ಗಾಜು ಹಾಕಿಸಿ, ಬಿಸಿಲು ಬೀಳದ ಗೋಡೆಯಲ್ಲಿ. ಮದುವೆ ಕಾಗದದ ಕೆಂಪು ಬಿಸಿಲಿಗೆ ಬೇಗ ಮಾಸುತ್ತದೆ.

ಮುಂದಿನದು ಹಿಂಗಾರ, ಅಡಕೆಯ ಹೂಗೊಂಚಲು. ಕಾಡುಹೂ ಅಲ್ಲ, ಆದರೂ ಅಡಕೆಯ ಊರಲ್ಲಿ ಅದನ್ನು ಬಿಡುವುದು ಹೇಗೆ? ಕೆನೆ ಬಣ್ಣದ ಕಾಗದ ತೆಗೆದಿಟ್ಟಿದ್ದೇನೆ. ತೊಂದರೆ ಇರುವುದು ಲೆಕ್ಕದಲ್ಲಿ. ಎಳೆಗಳ ಬುಡದಲ್ಲಿ ದೊಡ್ಡ ಹೆಣ್ಣು ಹೂಗಳು, ಅವು ಕಡಿಮೆ. ಮೇಲೆ ತುದಿಯವರೆಗೂ ಸಣ್ಣ ಸಣ್ಣ ಗಂಡು ಹೂಗಳು, ಅವಕ್ಕೆ ಲೆಕ್ಕವೇ ಇಲ್ಲ. ಒಂದೊಂದಾಗಿ ಕತ್ತರಿಸುವುದೋ, ಒಂದು ಎಳೆಯನ್ನು ಇಡಿಯಾಗಿ ಕತ್ತರಿಸಿ ಅಂಚಿನಲ್ಲಿ ಹಲ್ಲು ತೆಗೆಯುವುದೋ, ಇನ್ನೂ ಗೊತ್ತಾಗಿಲ್ಲ. ನೋಡಿ ಕತ್ತರಿಸಲು ಒಂದು ಬೇಕಲ್ಲ, ತೋಟದಿಂದ ತರಲು ಮನೆಯವರಿಗೆ ಹೇಳಿದೆ.

"ಒಂದು ಹಿಂಗಾರ ಅಂದರೆ ಎಷ್ಟು ಅಡಕೆ ಗೊತ್ತುಂಟಾ ನಿನಗೆ?" ಎಂದರು. ಬಿದ್ದದ್ದು ಸಿಕ್ಕಿದರೆ ತರುತ್ತಾರಂತೆ.