‘ಇವರು’ ಮತ್ತು ‘ಅಂತೆ’

2020ರ ಏಪ್ರಿಲ್ ಎರಡನೇ ವಾರ. ಲಾಕ್‌ಡೌನ್‌ನಿಂದ ಕಾಲೇಜು ಮುಚ್ಚಿ, ನಾನು ತುಮಕೂರಿನ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ವಿಡಿಯೊ ಹಾಕಿದರು. ತಳ್ಳುಗಾಡಿಯ ಮುಂದೆ ನಿಂತ ಮುದುಕನೊಬ್ಬ ಬೆರಳನ್ನು ಬಾಯಿಗೆ ತಾಗಿಸಿಕೊಳ್ಳುತ್ತಾ ಹಣ್ಣು ಜೋಡಿಸುತ್ತಿದ್ದ. ಕೆಳಗೆ ‘ಇವರು ಬೇಕೆಂದೇ ಕೊರೊನಾ ಹಬ್ಬಿಸುತ್ತಿದ್ದಾರೆ, ಇವರನ್ನು ಬೀದಿಗೆ ಬಿಡಬೇಡಿ’ ಎಂದಿತ್ತು. ಕನ್ನಡ ಪಾಠ ಮಾಡುವವಳಾದ್ದರಿಂದ ನನ್ನ ಕಣ್ಣು ಮೊದಲು ಹೋದದ್ದು ವಚನದ ಮೇಲೆ. ಚಿತ್ರದಲ್ಲಿದ್ದವನು ಒಬ್ಬ, ಬರಹದಲ್ಲಿ ಆತ ‘ಇವರು’ ಆಗಿದ್ದ. ನಾವು ಗೌರವಕ್ಕೆ ಬಳಸುವ ಅದೇ ಬಹುವಚನ ಇಲ್ಲಿ ಒಂದಿಡೀ ಸಮುದಾಯವನ್ನು ಒಟ್ಟಿಗೆ ಗುಡಿಸಿ ಹೊರಹಾಕುವ ಕೆಲಸ ಮಾಡುತ್ತಿತ್ತು.

ಅತ್ತಿಗೆ ಕೂಡಲೇ ಬರೆದರು: ‘ನಮ್ಮ ಬೀದಿಯ ಹಣ್ಣಿನ ಸಾಬರಿಗೂ ನಾಳೆಯಿಂದ ಬೇಡ ಅಂದುಬಿಡೋಣ.’ ಸಂಕಷ್ಟಿಯ ದಿನ ಅಮ್ಮ ಕೇಳದಿದ್ದರೂ ಏಲಕ್ಕಿ ಬಾಳೆಯ ಒಂದು ಚಿಪ್ಪನ್ನು ಎತ್ತಿಟ್ಟು ತರುತ್ತಿದ್ದವರು ಅವರು. ಉಳಿದವರು ಯಾರೂ ಏನೂ ಹೇಳಲಿಲ್ಲ.

ಹುಡುಕಿದಾಗ ತಿಳಿದದ್ದು ಇಷ್ಟು: ಆ ವಿಡಿಯೊ ಮಧ್ಯಪ್ರದೇಶದ ರಾಯಸೇನ್‌ನದು, ಚಿತ್ರೀಕರಿಸಿದ್ದು ಲಾಕ್‌ಡೌನ್‌ಗೆ ಬಹಳ ಮೊದಲು, ಫೆಬ್ರವರಿಯಲ್ಲಿ. ನಾನು ಅದನ್ನು ಗುಂಪಿಗೆ ಹಾಕಿದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಜನ ಒಬ್ಬ ಯುವಕನನ್ನು ಹೊಡೆದು ಕೊಂದದ್ದು ನೆನಪಾಗಿ ಸಿಟ್ಟು ಏರಿತ್ತು. ಒಂದು ಸಮುದಾಯವನ್ನು ದೂಷಿಸುವವರ ಮೇಲೆ ಕ್ರಮ ಜರುಗಿಸುವುದಾಗಿ ಮುಖ್ಯಮಂತ್ರಿ ಯಡಿಯೂರಪ್ಪನವರು ಆಗಷ್ಟೇ ಎಚ್ಚರಿಸಿದ್ದನ್ನೂ, ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 153ಎ ಕಲಮಿನಡಿ ಇಂಥದಕ್ಕೆ 3 ವರ್ಷದವರೆಗೆ ಸೆರೆವಾಸವಿರುವುದನ್ನೂ ಸೇರಿಸಿದೆ. ದೊಡ್ಡಪ್ಪ ಗುಂಪು ಬಿಟ್ಟು ಹೋದರು. ಅಲ್ಲಿಯವರೆಗೆ ಸುಮ್ಮನಿದ್ದವರಿಗೆಲ್ಲ ಆಗ ಮಾತು ಬಂತು. ದೊಡ್ಡವರೊಂದಿಗೆ ಹೀಗೆಯೇ ಮಾತಾಡುವುದು ಎಂದು ನನ್ನನ್ನು ಕೇಳಿದರು. ಚರ್ಚೆ ಹಣ್ಣಿನವರನ್ನು ಬಿಟ್ಟು ನನ್ನ ನಡತೆಯ ಕಡೆ ತಿರುಗಿತು, ಅದಕ್ಕೆ ದಾರಿ ಮಾಡಿಕೊಟ್ಟವಳು ನಾನೇ.

ಸಂಜೆ ಫೋನ್ ಮಾಡಿದೆ. ‘ಎಲ್ಲರೆದುರಿಗೆ ನನಗೆ ಸೆಕ್ಷನ್ ತೋರಿಸಿದೆಯಲ್ಲಮ್ಮ’ ಎಂದರು. ಹೇಳಿದ ರೀತಿಗೆ ಕ್ಷಮೆ ಕೇಳಿದೆ, ಹೇಳಿದ ವಿಷಯಕ್ಕಲ್ಲ. ಆಮೇಲೆ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದಾಗ ನೋಟು ಹೇಗೆ ಎಣಿಸುತ್ತಿದ್ದಿರಿ ಎಂದು ಕೇಳಿದೆ. ಚಿಕ್ಕವಳಿದ್ದಾಗ ಕೌಂಟರಿನ ಈಚೆ ನಿಂತು ನೋಡಿದ್ದೆ: ಎಡಗೈಯಲ್ಲಿ ಕಂತೆ, ಬಲಗೈಯ ಬೆರಳು ನಾಲಿಗೆಗೆ, ನಾಲಿಗೆಯಿಂದ ನೋಟಿಗೆ, ಪಕ್ಕದಲ್ಲೇ ಪುಟ್ಟ ಬಟ್ಟಲಲ್ಲಿ ನೀರಿನ ಸ್ಪಂಜು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಆ ಸ್ಪಂಜು ಯಾವಾಗಲೂ ಒಣಗಿರ್ತಿತ್ತು ಕಣಮ್ಮ’ ಎಂದರು.

ಹಲವು ಬಾರಿ ರವಾನೆಯಾದ ಸಂದೇಶವನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸುವಂತೆ ವಾಟ್ಸಾಪ್ ಅದೇ ತಿಂಗಳು ಮಿತಿ ಹೇರಿತ್ತು. ದೊಡ್ಡಪ್ಪ ಆ ಮಿತಿಯನ್ನು ತಾಳ್ಮೆಯಿಂದಲೇ ಗೆದ್ದು, ಇನ್ನೂ ಮೂರು ಗುಂಪುಗಳಿಗೆ ಒಂದೊಂದಾಗಿ ಕಳುಹಿಸಿದ್ದರು. ಹೊತ್ತು ಮೀರಿದ್ದರಿಂದ ಎಲ್ಲರ ಫೋನಿನಿಂದ ಅಳಿಸಲು ಆಗಲಿಲ್ಲ. ಆ ಮೂರೂ ಕಡೆ ‘ಆ ವಿಡಿಯೊ ಹಳೆಯದಂತೆ’ ಎಂದು ಬರೆದು, ನನಗೆ ಅದರ ಚಿತ್ರ ಕಳುಹಿಸಿದರು. ಸುಳ್ಳಿಗೆ ಯಾರೂ ಹಚ್ಚದಿದ್ದ ‘ಅಂತೆ’ ನಿಜಕ್ಕೆ ಬಂದು ಅಂಟಿಕೊಂಡಿತ್ತು. ನಾನು ತಿದ್ದಲು ಹೋಗಲಿಲ್ಲ.

ಹಣ್ಣಿನ ಸಾಬರು ಹತ್ತು ದಿನ ಬಿಟ್ಟು ಬಂದರು. ಗಾಡಿಯ ಹಿಡಿಗೆ ಒದ್ದೆ ಬಟ್ಟೆಯೊಂದನ್ನು ಕಟ್ಟಿದ್ದರು. ಪ್ಲಾಸ್ಟಿಕ್ ಕವರ್ ಬಿಡಿಸುವಾಗ, ಅಮ್ಮನಿಗೆ ಕಾಣುವಂತೆ, ಬೆರಳನ್ನು ಆ ಬಟ್ಟೆಗೆ ಒತ್ತಿಕೊಂಡರು. ಅತ್ತಿಗೆಯ ಮನೆಯ ಬಾಗಿಲು ಅಂದು ತೆರೆಯಲಿಲ್ಲ.