ಪಂಪು ಲಡಾಸಾಯ್ತು ಅನ್ನೋದು ಯಾವಾಗ?

ಫೆಬ್ರವರಿ ಬಂತೆಂದರೆ ಕೊಡಗಿನ ಗೋಣಿಕೊಪ್ಪ, ಸಿದ್ದಾಪುರ ಕಡೆಯ ಕಾಫಿ ತೋಟದವರು ಕೇಳುವ ಪ್ರಶ್ನೆ: "ನಮ್ಮ ಸ್ಪ್ರಿಂಕ್ಲರ್ ಪಂಪು ಲಡಾಸಾಯ್ತಾ? ಗುಜರಿಗೆ ಹಾಕಿ ಹೊಸದು ತರೋದಾ?" ರೊಬಸ್ಟಾ ಕಾಫಿಯ ಮೊಗ್ಗು ನೀರಿಗೆ ಕಾದು ನಿಂತಿರುತ್ತದೆ, ಅದನ್ನು ಅರಳಿಸುವ ಹೂಮಳೆ ಬರುವ ಖಾತ್ರಿ ಇಲ್ಲ. ಆ ಅವಸರದಲ್ಲಿ ಎಷ್ಟೋ ಒಳ್ಳೆಯ ಪಂಪುಗಳು ಗುಜರಿ ಸೇರುತ್ತವೆ. ನಮಗೆ ಬೇಜಾರು ತರುವುದು ಇದೇ.

ಒಂದು ಭಾಗ ಹಾಳಾಗಿ ನಿಂತರೆ ಅದು ಕೆಟ್ಟ ಪಂಪು. ಒಂದನ್ನು ಸರಿಮಾಡಿದರೆ ಮತ್ತೊಂದು ಕೈಕೊಡುವಷ್ಟು ಎಲ್ಲವೂ ಸವೆದಿದ್ದರೆ ಲಡಾಸು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕೂತು ಎದ್ದ ಪಂಪು ನೀರೆತ್ತದಿದ್ದರೆ ಅದು ಹೆಚ್ಚಾಗಿ ಮೊದಲನೇ ಜಾತಿ.

ಮೊದಲು ಫುಟ್‌ವಾಲ್ವ್ ನೋಡಿ, ಅಂದರೆ ನೀರೆಳೆಯುವ (ಸಕ್ಷನ್) ಪೈಪಿನ ತುದಿಯಲ್ಲಿ, ಪೈಪಿನ ನೀರು ಹಿಂದೆ ಹೋಗದಂತೆ ತಡೆಯುವ ವಾಲ್ವ್. ಪಂಪಿನ ಬಾಯಿಂದ ನೀರು ತುಂಬಿ ಹತ್ತು ನಿಮಿಷ ಬಿಡಿ. ಮಟ್ಟ ಇಳಿದರೆ, ಎಲ್ಲೂ ಹೊರಗೆ ಸೋರದಿದ್ದರೆ, ಕೆರೆಯೊಳಗಿನ ವಾಲ್ವ್ ಮುಚ್ಚುತ್ತಿಲ್ಲ. ಒಳಗೆ ಎಲೆಯೋ ಕಡ್ಡಿಯೋ ಸಿಕ್ಕಿರುತ್ತದೆ, ಇಲ್ಲವೇ ವಾಷರ್ ಒಣಗಿ ಸೀಳಿರುತ್ತದೆ. ಸಕ್ಷನ್ ಜಾಯಿಂಟಿನಲ್ಲಿ ನೀರು ಜಿನುಗಿದರೆ, ಪಂಪು ಓಡುವಾಗ ಅದೇ ಜಾಗದಿಂದ ಗಾಳಿ ಎಳೆಯುತ್ತದೆ.

ಎರಡೂ ಸರಿಯಿದ್ದರೆ ನೀರಿನ ಮಟ್ಟದಿಂದ ಪಂಪಿನವರೆಗಿನ ಎತ್ತರ ಅಳೆಯಿರಿ. ಇದನ್ನು ಯಾರೂ ಅಳೆಯುವುದಿಲ್ಲ. ಸಕ್ಷನ್ ಪೈಪಿನಲ್ಲಿ ನೀರು ಮೇಲೇರುವುದು ಗಾಳಿಯ ಒತ್ತಡದಿಂದಲೇ, ಸಮುದ್ರಮಟ್ಟದಲ್ಲಿ ಅದು 10.3 ಮೀಟರ್ ನೀರನ್ನು ಹಿಡಿದು ನಿಲ್ಲಿಸಬಲ್ಲದು. 900 ಮೀಟರ್ ಎತ್ತರದ ತೋಟದಲ್ಲಿ ಅದು ಸುಮಾರು 9.3 ಮೀಟರ್. ಪೈಪಿನ ಉದ್ದ, ಬೆಂಡು, ವಾಲ್ವ್ ತಿನ್ನುವುದನ್ನು ಕಳೆದರೆ ನೀರಿನ ಮಟ್ಟದಿಂದ 5 ಮೀಟರ್ ಒಳಗೆ ಪಂಪು ಇಡುವುದೇ ಕ್ಷೇಮ. ಮಾರ್ಚಿನಲ್ಲಿ ಕೆರೆ ತಗ್ಗಿದಾಗ ಏರಿಯ ಮೇಲೆಯೇ ಕೂತ ಪಂಪು ನೀರೆತ್ತದಿದ್ದರೆ ಅದರ ತಪ್ಪೇನೂ ಇಲ್ಲ, ಕೆಳಗಿಳಿಸಿ.

ಗ್ಲ್ಯಾಂಡಿನಿಂದ, ಅಂದರೆ ಶಾಫ್ಟ್ ಪಂಪಿನೊಳಗೆ ಹೋಗುವ ಜಾಗದಿಂದ, ನೀರು ಸುರಿದರೆ ಅಲ್ಲಿ ಸೋರಿಕೆ ತಡೆಯಲು ತುಂಬಿದ ಹಳೆಯ ಹಗ್ಗವನ್ನು (ಪ್ಯಾಕಿಂಗ್) ಪೂರ್ತಿ ಕಿತ್ತು ಹೊಸದನ್ನು ಹಾಕಬೇಕು. ಶಾಫ್ಟಿಗೆ ಸುತ್ತಿ ಉಂಗುರದ ಹಾಗೆ ಒಂದೊಂದಾಗಿ, ತುದಿ ಓರೆಯಾಗಿ ಕತ್ತರಿಸಿ, ಒಂದರ ಸೇರಿಕೆ ಇನ್ನೊಂದರ ಮೇಲೆ ಬಾರದಂತೆ ತಿರುಗಿಸಿ ಕೂರಿಸಿ. ಒಂದೇ ಉದ್ದ ಹಗ್ಗವನ್ನು ಸುರುಳಿ ಸುತ್ತಿ ತುರುಕಿದರೆ ಎರಡು ದಿನ ತಡೆಯುವುದಿಲ್ಲ. ಗ್ಲ್ಯಾಂಡಿನ ನಟ್ಟನ್ನು ಎರಡೂ ಕಡೆ ಸಮನಾಗಿ ಬಿಗಿ ಮಾಡಿ, ನಿಮಿಷಕ್ಕೆ ನಲವತ್ತು ಐವತ್ತು ಹನಿ ಬೀಳುತ್ತಿರಲಿ. ಆ ಹನಿಯೇ ಶಾಫ್ಟನ್ನು ತಂಪಾಗಿಡುವುದು. ಒಂದು ಹನಿಯೂ ಬೀಳಬಾರದೆಂದು ಬಿಗಿ ಮಾಡಿದರೆ ಹಗ್ಗ ಸುಟ್ಟು, ಶಾಫ್ಟಿಗೆ ತೊಡಿಸಿದ ಕೊಳವೆಯಲ್ಲಿ (ಸ್ಲೀವ್) ಗೀರು ಬೀಳುತ್ತದೆ. ಆಮೇಲೆ ಎಷ್ಟು ಹಗ್ಗ ಹಾಕಿದರೂ ಸೋರಿಕೆ ನಿಲ್ಲದು, ಸ್ಲೀವನ್ನೇ ಬದಲಿಸಬೇಕು.

ಡೀಸೆಲ್ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಟ್ಯಾಂಕಿನ ತಳದ ನೀರು ತೆಗೆದು, ಫಿಲ್ಟರ್ ಬದಲಿಸಿ, ಲೈನಿನ ಗಾಳಿ ಬಿಡಿ. ಹೆಚ್ಚಿನವು ಅಷ್ಟಕ್ಕೇ ಎದ್ದುಕೊಳ್ಳುತ್ತವೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಓಡಿಸಲೇಬೇಡಿ. ಒಳಗೆ ನೀರು ಸೇರಿದೆ, ಹೆಡ್ ಬಿಚ್ಚಿ ನೋಡಲೇಬೇಕು.

ಹಾಗಾದರೆ ಲಡಾಸು ಯಾವುದು? ಪಂಪಿನ ಬಾಡಿ ಸೀಳಿ, ಒಳಗೆ ತಿರುಗಿ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆದು ತೆಳುವಾಗಿ, ಬೇರಿಂಗ್ ಕೂರುವ ಜಾಗವೇ ಅಗಲವಾಗಿ, ಎಂಜಿನ್ನಿನ ಬ್ರೀದರಿನಿಂದ (ಒಳಗಿನ ಗಾಳಿ ಹೊರಬಿಡುವ ಕಿಂಡಿ) ಹೊಗೆ ಉಗುಳುತ್ತಿದ್ದರೆ, ಇವೆಲ್ಲ ಒಟ್ಟಿಗೆ ಬಂದರೆ ಬಿಟ್ಟುಬಿಡಿ. ರಿಪೇರಿ ಖರ್ಚು ಹೊಸ ಪಂಪಿನ ಅರ್ಧ ದಾಟಿದರೂ ಅಷ್ಟೇ. ಬರೀ ಬಾಡಿ ಸೀಳಿದೆಯೆಂದು ಬೆಸುಗೆ ಹಾಕಿಸಿದರೆ, ಬೀಡು ಕಬ್ಬಿಣವಾದ್ದರಿಂದ ಪಕ್ಕದಲ್ಲೇ ಮತ್ತೆ ಬಿರುಕು ಬಿಡುವುದು ಹೆಚ್ಚು.

ಗುಜರಿಗೆ ಕೊಡುವ ಮುಂಚೆ ಆಯಿಲ್ ಪೂರ್ತಿ ಇಳಿಸಿ, ಅದು ತೋಡಿಗೆ ಹೋಗಬಾರದು. ಇಂಪೆಲ್ಲರ್ ಬಿಚ್ಚಿ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಇರಬಹುದು, ಕಬ್ಬಿಣದ ಜೊತೆ ತೂಗಲು ಬಿಡದೆ ಬೇರೆ ತೂಗಿಸಿ.