ಟೇಪ್ ಸುತ್ತಿದ ಜಾಯಿಂಟ್‌ಗಳು

ಮಾವನ ಹಳೇ ಮಾರಿಸ್ ಮೈನರ್ ಕಾರಿನ ಹೆಡ್‌ಲೈಟ್ ಮಂಕಾಗಿತ್ತು. ವೈರ್ ಹಿಡಿದು ಹುಡುಕುತ್ತಾ ಹೋದರೆ, ಯಾರೋ ಸುಮ್ನೆ ತಿರುಚಿ ಕಪ್ಪು ಟೇಪ್ ಸುತ್ತಿದ ಜಾಯಿಂಟ್‌ಗಳು. ಶಾಖಕ್ಕೆ ಅಂಟು ಕರಗಿ ಟೇಪ್ ಜಾರಿದೆ, ತಾಮ್ರ ಹಸಿರುಗಟ್ಟಿದೆ. ಬಲ್ಬಿಗೆ ಸಿಗಬೇಕಾದ ವೋಲ್ಟೇಜ್ ಅಲ್ಲೇ ಬಿಸಿಯಾಗಿ ಹೋಗುತ್ತಿತ್ತು.

ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಭಾಗ ಮಾಡುತ್ತಿದ್ದ ಲ್ಯೂಕಾಸ್ ಕಂಪನಿಯವರ ವೈರ್ ಬಣ್ಣದ ಲೆಕ್ಕ ಮಾತ್ರ ಎಷ್ಟು ಚೆಂದ! ಕಂದು ಅಂದರೆ ಬ್ಯಾಟರಿಯಿಂದ ನೇರ. ಬಿಳಿ ಇಗ್ನಿಷನ್, ಹಸಿರು ಅದೇ ಇಗ್ನಿಷನ್ ಕರೆಂಟು, ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟ್, ಕಪ್ಪು ಅರ್ಥ್, ಅಂದರೆ ಕಾರಿನ ಲೋಹದ ಮೈಗೆ ಸೇರುವುದು. ಇಲ್ಲಿ ನೀಲಿಗೆ ಕೆಂಪು ತುಂಡು ಕಟ್ಟಿದ್ದರು. ಕೆಂಪು ಪಾರ್ಕಿಂಗ್ ಲೈಟಿನದು! ಆದರೂ ಕಟ್ಟಿದವರ ಮೇಲೆ ಸಿಟ್ಟು ಬರಲಿಲ್ಲ. ಯಾವುದೋ ರಾತ್ರಿ, ಕೈಗೆ ಸಿಕ್ಕಿದ್ದು ಅದೊಂದೇ ವೈರ್ ಇರಬೇಕು. ಮನೆ ಮುಟ್ಟಬೇಕಿತ್ತು, ಅಲ್ವಾ?

ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿದೆ. ಮೊದಲು ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ತೂರಿಸಿ, ಎಳೆಗಳನ್ನು ಹೆಣೆದು, ರೋಸಿನ್ (ಮರದ ರಾಳ) ಇರುವ ಸೋಲ್ಡರ್ ಹಾಕಿದೆ. ಸೋಲ್ಡರ್ ಕುಡಿದ ವೈರ್ ಬಿರುಸಾಗುತ್ತದೆ, ಅದುರಿದರೆ ಅಂಚಿನಲ್ಲೇ ಮುರಿಯುತ್ತದೆ. ಅದಕ್ಕೇ ವೈರ್ ಅಲುಗದಂತೆ ಎರಡೂ ಬದಿ ಕ್ಲಿಪ್. ಜಾಯಿಂಟ್‌ಗಳನ್ನೂ ಹಿಂದೆ ಮುಂದೆ ಬಿಟ್ಟೆ, ಒಂದೇ ಕಡೆ ಗುಡ್ಡೆಯಾಗಬಾರದು.

ಈ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ಥ್, ಮುಟ್ಟುವವರಿಗೆ ಎಚ್ಚರ ಇರಲಿ. ಅರ್ಥ್ ಪಾಯಿಂಟಿನ ತುಕ್ಕು ಕೆರೆಯುವುದು ಇನ್ನೂ ಬಾಕಿ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಬುಲೆಟ್ ಕನೆಕ್ಟರ್ (ವೈರ್ ತುದಿಗಳನ್ನು ಒತ್ತಿ ಸೇರಿಸುವ ಗುಂಡಿನಾಕಾರದ ಜೋಡಣೆ) ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.